ದೊಡ್ಡ ಕಣ್ಣಿನ ಸಣ್ಣ ಸೂಜಿ

ಮಾತೆತ್ತಿದರೆ ‘ಯಾಕೆ’ ಎನ್ನುವ ನನ್ನ ಚಿಕ್ಕಮ್ಮನಿಗೆ ಮನೆಯಲ್ಲಿ ‘ಯಾಕಮ್ಮ’ ಎಂದೇ ಹೆಸರು. ಕುಕ್ಕರ್ ಒಂದು ದಿನ ಬೇಗ ಕೂಗಿದರೂ ಅವಳಿಗೆ ಕಾರಣ ಬೇಕು. ವರ್ಷಗಟ್ಟಲೆ ಪರದೆ ಅಂಗಡಿಯಲ್ಲಿ ಹೊಲಿದವಳು ಈಗ ಮಹಡಿಯ ಕೋಣೆಯಲ್ಲಿ ಮಷೀನು ಇಟ್ಟುಕೊಂಡು ಕೌದಿ ಹೊಲಿಯುತ್ತಾಳೆ. ಮಷೀನಿನಲ್ಲಿ ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲುಗಳಿರುತ್ತವಲ್ಲ, ಅವನ್ನು ಕೆಳಗಿಳಿಸಿ, ಎರಡೂ ಕೈಯಿಂದ ಬಟ್ಟೆಯನ್ನೇ ಅತ್ತಿತ್ತ ಆಡಿಸುತ್ತ ದಾರದಲ್ಲಿ ಬಳ್ಳಿ ಬಿಡಿಸುವುದು ಅವಳ ಕೈಚಳಕ.

ಅಂಥವಳು ಅಮ್ಮನ ಕೌದಿಯನ್ನು ಮಾತ್ರ ಮುಟ್ಟದೆ ಕೂತಳು.

ಅಮ್ಮ ಅವಳ ಅಕ್ಕ. ಕೈ ನಡುಗಲು ಶುರುವಾದ ಮೇಲೂ ಹಟ ಹಿಡಿದು, ಷರಟಿನ ಬಟ್ಟೆಯ ಚೌಕಗಳನ್ನು ಜೋಡಿಸಿ ಕೌದಿಯ ಮೇಲ್ಪದರ ಮುಗಿಸಿದ್ದಳು. ಇನ್ನು ಸೂಜಿ ಹಿಡಿಯಲಾರೆ, ಇದೇ ಕೊನೆಯದು ಎಂದು, ಪದರಗಳನ್ನು ಕೂಡಿಸಿ ಬಳ್ಳಿ ಹೊಲಿಯಲು ತಂಗಿಯ ಕೈಗೆ ಕೊಟ್ಟಳು. ಜೊತೆಗೆ ತಾನೇ ಆರಿಸಿದ ದಪ್ಪನೆಯ ಹಳದಿ ದಾರವನ್ನೂ. ತಿಂಗಳಾದರೂ ಸುದ್ದಿಯಿಲ್ಲ. ನಾನು ಕೇಳಿದಾಗಲೆಲ್ಲ ಚಿಕ್ಕಮ್ಮ ಸೂಜಿ ಚುಚ್ಚಿ ಚುಚ್ಚಿ ನೋಡಿದ ಹಳೆಯ ದಿಂಬಿನ ಚೀಲ ತೋರಿಸುತ್ತಿದ್ದಳು. ಒಂದು ಸೂಜಿ ಆರಿಸಲು ಇಷ್ಟು ಮೀನಮೇಷ ಎಣಿಸುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ನನಗೆ ರೇಗಿಹೋಗಿತ್ತು.

ಕೊನೆಗೆ ಅಮ್ಮನೇ ಮೆಟ್ಟಿಲು ಹತ್ತಿ ಬಂದಳು. “ನಿಜ ಹೇಳು. ನನ್ನ ಹೊಲಿಗೆ ಸೊಟ್ಟ ಅಂತ ತಾನೇ ಪಕ್ಕಕ್ಕಿಟ್ಟಿದ್ದೀಯ?”

ಚಿಕ್ಕಮ್ಮನ ಮುಖ ಸಣ್ಣದಾಯಿತು. “ಅಯ್ಯೋ ಅಕ್ಕ, ಹಾಗಲ್ಲ. ನಿನ್ನ ಬಟ್ಟೆ ನೇಯ್ಗೆ ತುಂಬಾ ಒತ್ತಾಗಿದೆ. ದಪ್ಪ ಸೂಜಿ ಚುಚ್ಚಿದ್ರೆ ತೂತು ಹಾಗೇ ಉಳಿದುಬಿಡುತ್ತೆ. ಸಣ್ಣದು ಹಾಕಿದ್ರೆ ಅದರ ಕಣ್ಣಲ್ಲಿ ನಿನ್ನ ದಾರ ಉಜ್ಜಿ ಉಜ್ಜಿ ಹರಿಯುತ್ತೆ. ಇದೇ ಬಟ್ಟೆ ಮೇಲೆ ಹಾಕಿ ನೋಡೋಣ ಅಂದ್ರೆ ನೀನು ಒಂದು ಚೂರೂ ಉಳಿಸಿಲ್ಲ. ನಾನು ಕೆಡಿಸಿಬಿಟ್ರೆ ನೀನು ಇನ್ನೊಂದು ಹೊಲೀತೀಯಾ? ಅದೇ ಭಯ.”

ಅಮ್ಮ ಬಟ್ಟೆಯನ್ನು ತೊಡೆಯ ಮೇಲೆಳೆದುಕೊಂಡು ಅಂಚಿನ ಒಂದು ನೀಲಿ ಚೌಕ ತೋರಿಸಿದಳು. “ಇದನ್ನ ಜೋಡಿಸೋವಾಗ ಕೈ ನಿಲ್ತಾನೇ ಇರಲಿಲ್ಲ. ಹೆಂಗೂ ಸೊಟ್ಟ ಆಗಿದೆ. ನಿನ್ನ ಪರೀಕ್ಷೆ ಎಲ್ಲ ಇಲ್ಲೇ ಮಾಡ್ಕೋ.”

ಚಿಕ್ಕಮ್ಮ ಕೆಳಗೆ ಹತ್ತಿಯ ಪದರವಿಟ್ಟು ಹದಿನಾರನೇ ನಂಬರಿನ ದಪ್ಪ ಸೂಜಿ ಹಾಕಿದಳು. ದಾರ ಸರಾಗವಾಗಿ ಓಡಿತು. ಆದರೆ ಹೊಲಿಗೆ ಬಿಚ್ಚಿ, ಎಳೆಗಳು ಕೂಡಲೆಂದು ಉಗುರಿನಿಂದ ಎಷ್ಟು ಉಜ್ಜಿದರೂ ತೂತುಗಳು ಸಾಸಿವೆ ಕಾಳಿನಂತೆ ಉಳಿದವು. ಹನ್ನೊಂದನೇ ನಂಬರಿನ ಸಣ್ಣದು ಗೇಣುದ್ದ ಹೋಗುವಷ್ಟರಲ್ಲಿ ದಾರ ಹರಿಯಿತು. ಮೂರನೆಯದರ ಮೈ ತೆಳ್ಳಗಿತ್ತು, ಕಣ್ಣು ಮಾತ್ರ ಉದ್ದ.

“ಇದರ ಕಣ್ಣು ಯಾಕೆ ಇಷ್ಟುದ್ದ?” ಎಂದಳು ಅಮ್ಮ. ‘ಯಾಕೆ’ ಎನ್ನುವುದು ಅಂಟುರೋಗವೇ ಇರಬೇಕು.

“ದಪ್ಪ ದಾರ ಆರಾಮಾಗಿ ಓಡಾಡಲಿ ಅಂತ. ಮೈ ಸಣ್ಣ ಇರೋದ್ರಿಂದ ತೂತೂ ಸಣ್ಣ ಆಗ್ಬೇಕು. ನೋಡೋಣ.”

ಹಳದಿ ಬಳ್ಳಿ ಎಲ್ಲೂ ಹರಿಯದೆ ಚೌಕದ ಅಂಚಿನವರೆಗೆ ಹೋಯಿತು. ನಾನು ಉಸಿರು ಬಿಟ್ಟೆ. ಅಮ್ಮ ಮಾತ್ರ ಕನ್ನಡಕ ಏರಿಸಿ ಬಗ್ಗಿ ನೋಡಿ, “ಈ ಎಲೆ ಸೊಟ್ಟ. ಬಿಚ್ಚು,” ಎಂದಳು.

“ಬಿಚ್ಚಿ ತೂತು ಉಳಿದ್ರೆ?”

“ಅದನ್ನ ತಾನೇ ನೋಡ್ಬೇಕಾಗಿರೋದು. ಬಿಚ್ಚೇ.”

ಚಿಕ್ಕಮ್ಮ ಒಂದೊಂದೇ ಹೊಲಿಗೆ ಬಿಚ್ಚಿದಳು. ನೀಲಿ ಬಟ್ಟೆಯ ಮೇಲೆ ಸಣ್ಣ ಚುಕ್ಕೆಗಳ ಸಾಲು ಕಂಡಿತು. ಅವಳು ಉಜ್ಜಲು ಕೈ ಚಾಚುವ ಮೊದಲೇ ಅಮ್ಮ ತನ್ನ ಹೆಬ್ಬೆರಳ ಉಗುರನ್ನು ಅಲ್ಲಿಟ್ಟಳು. ಕೈ ನಡುಗುತ್ತಿತ್ತು, ಆ ನಡುಕದಲ್ಲೇ ಉಗುರು ಹಿಂದೆ ಮುಂದೆ ಓಡಾಡಿತು. ಬೆರಳು ತೆಗೆದಾಗ ಬಟ್ಟೆಯ ಎಳೆಗಳು ಕೂಡಿಕೊಂಡಿದ್ದವು. ಆ ಎಲೆಯ ತೂತು ಎಲ್ಲಿತ್ತೆಂದು ಮೂವರೂ ತಲೆ ತಾಗಿಸಿಕೊಂಡು ಹುಡುಕಿದೆವು.

“ಇನ್ನು ಹೆದರಬೇಡ,” ಎಂದಳು ಅಮ್ಮ, ಬಟ್ಟೆಯನ್ನು ತಂಗಿಯ ಕಡೆ ಸರಿಸಿ. “ನೀನು ತಪ್ಪು ಮಾಡು, ನಾನು ಉಜ್ತೀನಿ.”