ಎದೆಯ ಮೇಲೆ ಕೈಯಿಟ್ಟ ಅಂಗಿ

ಗುಬ್ಬಿ ಎಂಬುದು ಓಣಿಯವರು ಇಟ್ಟ ಹೆಸರು. ಕೂರಲು ಕಲಿತಾಗಿನಿಂದ ಅವಳ ಜಾಗ ಬಟ್ಟೆಗಂಟಿನ ಮೇಲೆಯೇ. ಅಪ್ಪ ಅಗಸ. ಮುಂದಿನ ಕೋಣೆ ಇಸ್ತ್ರಿಗೆ, ಹಿಂದಿನ ಕೋಣೆ ಸಂಸಾರಕ್ಕೆ, ಎರಡರ ನಡುವೆ ಹಗ್ಗದ ಮೇಲೆ ಊರವರ ಅಂಗಿಗಳು. ಬೆಳಗ್ಗೆ ಕಣ್ಣು ಬಿಟ್ಟರೆ ಮೇಲೆ ಬಿಳಿಯ ತೋಳುಗಳು ತೂಗುತ್ತಿದ್ದವು. ತಾಯಿಯನ್ನು ಬೇಗ ಕಳೆದುಕೊಂಡ ಮಗು ಅವುಗಳ ಜೊತೆ ಮಾತಾಡುತ್ತಾ ಬೆಳೆಯಿತು.

ಅಪ್ಪ ಅಂಗಿ ಮಡಚುವ ರೀತಿಯೇ ಬೇರೆ. ಉಳಿದವರು ಎರಡೂ ತೋಳುಗಳನ್ನು ಬೆನ್ನ ಹಿಂದೆ ಮಡಚಿ ಅಡಗಿಸಿದರೆ, ಅವನು ಬಲದ ತೋಳನ್ನು ಮಾತ್ರ ಮುಂದಕ್ಕೆ ತಂದು ಜೇಬಿನ ಮೇಲೆ ಒರಗಿಸಿ, ಅಂಗೈಯಿಂದ ಮೆಲ್ಲಗೆ ಒಮ್ಮೆ ತಟ್ಟುತ್ತಿದ್ದ. ಯಾರೋ ಎದೆಯ ಮೇಲೆ ಕೈಯಿಟ್ಟು ಮಲಗಿದ ಹಾಗೆ ಕಾಣುತ್ತಿತ್ತು. ಯಾಕಪ್ಪ ಹೀಗೆ ಎಂದು ಕೇಳಿದರೆ, ದುಡಿದು ಬಂದ ಅಂಗಿ, ನೆಮ್ಮದಿಯಾಗಿ ಮಲಗಲಿ ಬಿಡು ಎನ್ನುತ್ತಿದ್ದ. ಗುಬ್ಬಿ ಅಕ್ಷರ ಕಲಿಯುವ ಮೊದಲೇ ಅದನ್ನು ಕಲಿತಳು.

ಅವಳು ಕಾಲೇಜಿಗೆ ಹೋಗುವ ಕಾಲಕ್ಕೆ ಒಂದು ತಿಳಿನೀಲಿ ಅಂಗಿ ವಾರವಾರ ಬರತೊಡಗಿತು. ಬಲಗೈ ಪಟ್ಟಿಯ ಮೇಲೆ ಯಾವಾಗಲೂ ಬಣ್ಣದ ಕಲೆ. ಒಂದು ವಾರ ಹಸಿರು, ಇನ್ನೊಂದು ವಾರ ಇಟ್ಟಿಗೆ ಕೆಂಪು. ಅಪ್ಪ ಬೈದುಕೊಂಡು ಉಜ್ಜುತ್ತಿದ್ದ, ಗುಬ್ಬಿ ಇಸ್ತ್ರಿ ಮಾಡುತ್ತಿದ್ದಳು. ಬಿಸಿ ಪೆಟ್ಟಿಗೆಯ ಕೆಳಗೆ ಹಬೆ ಎದ್ದಾಗ ಆ ಅಂಗಿಯೊಳಗೆ ಒಬ್ಬ ಮನುಷ್ಯ ನಿಧಾನವಾಗಿ ತುಂಬಿಕೊಳ್ಳುತ್ತಿದ್ದ. ಹಸಿರಿನ ವಾರ ಅವನು ಗಿಡಗಳ ನಡುವೆ ಓಡಾಡುತ್ತಿದ್ದ, ಕೆಂಪಿನ ವಾರ ಸಂಜೆಯ ಗೋಡೆಗಳ ಪಕ್ಕ ನಡೆಯುತ್ತಿದ್ದ. ಮುಖವೊಂದು ಮಾತ್ರ ಕಾಣುತ್ತಿರಲಿಲ್ಲ. ಮುಖವಿಲ್ಲದವನ ಮೇಲೆ ಮನಸ್ಸಿಡುವುದರಲ್ಲಿ ಒಂದು ಸುಖವಿದೆ, ಅವನು ಜಾತಿ ಕೇಳುವುದಿಲ್ಲ.

ಓದು ಮುಗಿದ ಮೇಲೆ ಅವಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಅರೆಗತ್ತಲ ಕೋಣೆಯಲ್ಲಿ ಬಂದವರನ್ನು ಕೂರಿಸಿ, ಗಾಜು ಬದಲಿಸುತ್ತಾ, ಈಗ ಕಾಣುತ್ತಾ, ಈಗ ಕಾಣುತ್ತಾ ಎಂದು ಕೇಳುವ ಕೆಲಸ. ಒಂದು ಮಧ್ಯಾಹ್ನ ಆ ಕುರ್ಚಿಯಲ್ಲಿ ತಿಳಿನೀಲಿ ಅಂಗಿ ಬಂದು ಕೂತಿತು. ಪಟ್ಟಿಯ ಮೇಲೆ ಹಳದಿ ಕಲೆ. ಗುಬ್ಬಿ ಗಾಜು ಬದಲಿಸುವುದನ್ನು ಬಿಟ್ಟು ಆ ಕಲೆಯನ್ನೇ ನೋಡಿದಳು. ಅಕ್ಷರ ಕಾಣುತ್ತಿಲ್ಲ ಎಂದ ಅವನು, ನಿಮ್ಮ ಮುಖ ಮಾತ್ರ ಚೆನ್ನಾಗಿ ಕಾಣುತ್ತಿದೆ ಎಂದೂ ಸೇರಿಸಿದ. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಂತೆ. ಕಣ್ಣು ಮಂಜಾಗಿದ್ದರೂ ಬಾಯಿ ಚುರುಕಾಗಿತ್ತು.

ಆಮೇಲೆ ಮೇಷ್ಟ್ರ ಕನ್ನಡಕ ಪದೇಪದೇ ಸಡಿಲವಾಗತೊಡಗಿತು. ಅದು ತಾನಾಗಿಯೇ ಸಡಿಲವಾಗುತ್ತಿರಲಿಲ್ಲ ಎಂಬುದು ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸಂಜೆ ಇಬ್ಬರೂ ಕೆರೆಯ ಏರಿಯ ಮೇಲೆ ನಡೆದು ಹೋಗುತ್ತಿದ್ದರು, ದೀಪ ಹತ್ತಿದ ಮೇಲೂ ಮಾತು ಮುಗಿಯುತ್ತಿರಲಿಲ್ಲ. ಗುಬ್ಬಿ ಏನನ್ನೂ ಮುಚ್ಚಿಡಲಿಲ್ಲ. ಅಪ್ಪ ಅಗಸ, ನಿಮ್ಮ ಮನೆಯ ಹಿಂಬಾಗಿಲಿಗೆ ಬರುವ ಅಗಸನೇ ನನ್ನಪ್ಪ, ನಿಮ್ಮ ಅಂಗಿ ನನಗೆ ನಿಮಗಿಂತ ಹಳೆಯ ಪರಿಚಯ ಎಂದು ಹೇಳಿಬಿಟ್ಟಳು. ಮೇಷ್ಟ್ರು ಕಣ್ಣು ತುಂಬಿಕೊಂಡ. ಜಾತಿ ಬೇರೆಯಾದ ಇಬ್ಬರು ಪ್ರೀತಿಸುವ ಕಾದಂಬರಿಯೊಂದನ್ನು ತಂದುಕೊಟ್ಟು, ಇದು ನಮ್ಮದೇ ಕಥೆ ನೋಡು ಎಂದ. ತನಗೆ ಹಿಡಿಸಿದ ಸಾಲುಗಳ ಕೆಳಗೆ ಗೆರೆ ಬೇರೆ ಎಳೆದಿದ್ದ. ಗುಬ್ಬಿ ಅದನ್ನು ಎದೆಗವಚಿಕೊಂಡು ಓದಿದಳು. ಕಾದಂಬರಿಯಲ್ಲಿ ಜಾತಿ ದಾಟುವುದು ಸಲೀಸು, ಪುಟ ತಿರುವಿದರೆ ಆಯಿತು.

ಮದುವೆಯ ಮಾತು ಬಂದಾಗ ಮೇಷ್ಟ್ರು ಒಂದೇ ಒಂದು ಬೇಡಿಕೆ ಇಟ್ಟ. ಅಮ್ಮನಿಗೆ ನಿಧಾನವಾಗಿ ಹೇಳೋಣ, ಮೊದಲು ಅವಳು ನಿನ್ನನ್ನು ಮೆಚ್ಚಲಿ, ನಿಮ್ಮಪ್ಪ ಬಟ್ಟೆ ವ್ಯಾಪಾರ ಮಾಡುತ್ತಾರೆ ಅಂತ ಹೇಳಿದ್ದೇನೆ. ಆ ಮಾತು ಗುಬ್ಬಿಗೆ ಚುಚ್ಚಿತು. ಆದರೂ ಹೂಂ ಎಂದಳು. ಪ್ರೀತಿಯಲ್ಲಿದ್ದವರು ಸಣ್ಣ ಮುಳ್ಳನ್ನು ಮುಳ್ಳೆಂದು ಎಣಿಸುವುದಿಲ್ಲ.

ಆ ಮನೆಗೆ ಅವಳು ಚಿಕ್ಕವಳಿದ್ದಾಗ ಅಪ್ಪನ ಬೆನ್ನಿಗೆ ಅಂಟಿಕೊಂಡು ಎಷ್ಟೋ ಸಲ ಹೋದವಳೇ. ಮೇಷ್ಟ್ರು ಅವಳನ್ನು ತೋರಿಸಲು ಕರೆದುಕೊಂಡು ಹೋದ ದಿನ, ಅವನ ಅಮ್ಮ ಗುರುತು ಹಿಡಿದರೆ ಎಂದು ಹೆದರುತ್ತಲೇ ಒಳಗೆ ಕಾಲಿಟ್ಟಳು. ಆಕೆ ಹಿಡಿಯಲಿಲ್ಲ. ಅಷ್ಟು ವರ್ಷ ಗಂಟಿನ ಹಿಂದೆ ನಿಂತಿದ್ದ ಹುಡುಗಿಯ ಮುಖವನ್ನು ಆಕೆ ನೋಡಿರಲೇ ಇಲ್ಲ. ಈಗ ಕೈ ಹಿಡಿದು ಕರೆದುಕೊಂಡು ಹೋಗಿ ಕಿಟಕಿಯ ಪಕ್ಕ ಕೂರಿಸಿದಳು. ಪರದೆಯೊಳಗಿಂದ ಸೋಸಿಬಂದ ಬೆಳಕು ನೆಲದ ಮೇಲೆ ಅಲುಗುತ್ತಿತ್ತು, ಗೋಡೆಯ ತುಂಬ ಮೇಷ್ಟ್ರು ಬರೆದ ಚಿತ್ರಗಳು. ಗುಬ್ಬಿಗೆ ತಾನು ಇಲ್ಲೇ ಎಂದೋ ಬದುಕಿದ್ದೆ ಎನಿಸಿತು.

ಆಕೆಗೆ ಕಣ್ಣಿನದೇ ಚಿಂತೆ. ಸೂಜಿಗೆ ದಾರ ಪೋಣಿಸುವುದಕ್ಕೆ ಆಗುತ್ತಿಲ್ಲ ಎಂದು ಹೇಳಿಕೊಳ್ಳುತ್ತಾ, ಬೆಂಚಿನ ಮೇಲಿದ್ದ ಇಸ್ತ್ರಿ ಗಂಟು ಬಿಚ್ಚಿ, ಮಗನ ಅಂಗಿಯೊಂದನ್ನು ಕೊಡವಿ, ಗುಂಡಿಗಳೆಲ್ಲ ಇವೆಯೇ ಎಂದು ತಡವಿ ನೋಡಿ ಪಕ್ಕಕ್ಕೆ ಹಾಕಿದಳು. ಗುಬ್ಬಿ ಯಾವ ಗಾಜು ಹಾಕಿದರೆ ದಾರ ಕಾಣುತ್ತದೆ ಎಂದು ವಿವರಿಸುತ್ತಿದ್ದಳು. ವಿವರಿಸುತ್ತಲೇ ಕೆದರಿದ ಅಂಗಿಯನ್ನು ತೊಡೆಯ ಮೇಲೆಳೆದುಕೊಂಡು ಮಡಚಿದಳು. ಬಲದ ತೋಳು ತಾನಾಗಿ ಮುಂದೆ ಬಂತು, ಜೇಬಿನ ಮೇಲೆ ಮಲಗಿತು. ಅಂಗೈ ಒಮ್ಮೆ ತಟ್ಟಿತು.

ಗುಬ್ಬಿ ತಲೆಯೆತ್ತಿದಳು. ಮೇಷ್ಟ್ರ ಅಮ್ಮ ಗಂಟಿನಲ್ಲಿದ್ದ ಅಂಗಿಗಳನ್ನೂ ಗುಬ್ಬಿಯ ತೊಡೆಯ ಮೇಲಿನದನ್ನೂ ನೋಡುತ್ತಿದ್ದಳು. ಎಲ್ಲವೂ ಒಂದೇ ತರ ಮಲಗಿದ್ದವು.

"ಇದನ್ನ ಎಲ್ಲಿ ಕಲ್ತೆ?" ಎಂದಳು.

ಗುಬ್ಬಿ ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಹೇಳಿದ: "ಹಾಸ್ಟೆಲಲ್ಲಿ ಕಲಿಸ್ತಾರಮ್ಮ."

ಎಷ್ಟು ಸಲೀಸಾಗಿ ಹೇಳಿದ! ಗುಬ್ಬಿ ಹಾಸ್ಟೆಲಿನ ಮುಖ ನೋಡಿದವಳಲ್ಲ. ಹಬೆಯಲ್ಲಿ ನಿಂತ ಅಪ್ಪ, ಅವಳ ಪುಟ್ಟ ಕೈಯ ಮೇಲೆ ತನ್ನ ಕೈಯಿಟ್ಟು ತಟ್ಟಲು ಕಲಿಸಿದ ಅಪ್ಪ, ಆ ಒಂದು ಮಾತಿನಲ್ಲಿ ಇಲ್ಲವಾಗಿಬಿಟ್ಟ. ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಭಯವಾಯಿತು.

"ನಮ್ಮಪ್ಪ ಕಲಿಸಿದ್ದು. ನಿಮ್ಮನೆ ಬಟ್ಟೆ ಒಗೆಯೋದು ಅವರೇ," ಎಂದಳು.

ಆಕೆ ಕೂಗಾಡಲಿಲ್ಲ. ಅಂಗಿಯನ್ನು ತೆಗೆದುಕೊಂಡು, ಚೆನ್ನಾಗಿ ಮಡಚಿದ್ದೀಯ ಎಂದು ಹೇಳಿ ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ.

ಕೆಲವು ದಿನ ಕಳೆದ ಮೇಲೆ ಅವನು ಅಂಗಡಿಗೆ ಬಂದ. ಮುಖ ಅರಳಿತ್ತು. ಅಮ್ಮನನ್ನು ಅತ್ತು ಕರೆದು ಒಪ್ಪಿಸಿದ್ದನಂತೆ. "ಒಂದೇ ಮಾತು ಕಣೆ. ನಿಮ್ಮಪ್ಪ ಆ ಕೆಲಸ ಬಿಡ್ಲಿ. ವಯಸ್ಸೂ ಆಯ್ತಲ್ಲ, ಹೇಗಿದ್ರೂ. ದೂರದ ಬೀದೀಲಿ ಒಂದು ಮನೆ ಮಾಡಿಕೊಡೋಣ, ಯಾರಿಗೂ ಗೊತ್ತಾಗಲ್ಲ," ಎಂದ. ತಾನು ದೊಡ್ಡ ಬೆಟ್ಟ ಹತ್ತಿಳಿದು ಬಂದೆ ಎಂದು ನಿಜಕ್ಕೂ ನಂಬಿದ್ದ, ಪಾಪ. ಅವನ ಕಣ್ಣಲ್ಲಿದ್ದ ಪ್ರೀತಿಯೂ ಸುಳ್ಳಾಗಿರಲಿಲ್ಲ. ಗುಬ್ಬಿ ನಾಳೆ ಹೇಳುತ್ತೇನೆ ಎಂದಳು.

ಸಂಜೆ ಅಪ್ಪನಿಗೆ ಎಲ್ಲವನ್ನೂ ಹೇಳಿದಳು. ಅವನು ಕೇಳುತ್ತಲೇ ಇಸ್ತ್ರಿ ಪೆಟ್ಟಿಗೆ ಆರಿಸಿ, ಎತ್ತಿ ನಿಲ್ಲಿಸಿದ.

"ಬಿಡ್ತೀನಿ ಬಿಡು ಮಗಳೇ. ನಾಳೆಯಿಂದಲೇ ಬೇಕಾದ್ರೂ ಬಿಡ್ತೀನಿ. ನಿನಗಿಂತ ಹೆಚ್ಚಾ ಇದು?" ಎಂದು ನಕ್ಕ.

ಸುಳ್ಳು ಯಾಕೆ ಹೇಳಬೇಕು, ಗುಬ್ಬಿಗೆ ಆ ಕ್ಷಣ ಹೂಂ ಎನ್ನಬೇಕೆನಿಸಿತು. ಕಿಟಕಿಯ ಬೆಳಕು, ಕೆರೆಯ ಏರಿ, ಬಣ್ಣ ಮೆತ್ತಿದ ಆ ಬೆರಳುಗಳು, ಎಲ್ಲ ಕೈಗೆಟುಕುವಷ್ಟು ಹತ್ತಿರ ಬಂದು ನಿಂತವು. ಒಂದು ಮಾತು ಸಾಕಿತ್ತು. ಅಪ್ಪ ನಗುತ್ತಲೇ ಇದ್ದ, ಆದರೆ ಪೆಟ್ಟಿಗೆ ಬಿಟ್ಟ ಅವನ ಕೈಗಳು ಎಲ್ಲಿರಬೇಕೆಂದು ಗೊತ್ತಾಗದೆ ಮೇಜಿನ ಬಟ್ಟೆಯನ್ನು ಸುಮ್ಮನೆ ಸವರುತ್ತಿದ್ದವು.

"ನೀನು ಬಿಟ್ರೂ ನನ್ನ ಕೈ ಬಿಡಲ್ಲಪ್ಪ," ಎಂದಳು. "ಅವರ ಮನೇಲಿ ಒಂದು ಅಂಗಿ ಸಿಕ್ಕಿದ್ರೆ ಸಾಕು, ನನ್ನ ಕೈ ನಿನ್ನ ಥರಾನೇ ಮಡಚುತ್ತೆ. ಆಮೇಲೆ ಜೀವನ ಪೂರ್ತಿ ನನ್ನ ಕೈನ ನಾನೇ ಕಾಯ್ತಾ ಕೂರ್ಲಾ?"

ಹೇಳಿ ಮುಗಿಸುವಷ್ಟರಲ್ಲಿ ಅಳು ಬಂತು, ಅತ್ತಳು. ಅಪ್ಪ ಸಮಾಧಾನ ಮಾಡಲಿಲ್ಲ. ಅವಳ ಕೈಗಳನ್ನು ನೋಡಿ, ಆರಿಸಿದ್ದ ಪೆಟ್ಟಿಗೆಯನ್ನು ಮತ್ತೆ ಕಾಯಲು ಇಟ್ಟ.