ಹಸನಬ್ಬನ ಒದ್ದೆ ಬೈರಾಸು

ಕಾರಿನದ್ದು ಏನೂ ತಪ್ಪಿರಲಿಲ್ಲ. ತಪ್ಪು ಹಸನಬ್ಬನದ್ದು. ಕೊರಿಯಾದ ಕಾರು ಚಾರ್ಮಾಡಿ ಘಾಟಿ ಹತ್ತುವುದಿಲ್ಲ ಎಂದು ಕಕ್ಕಿಂಜೆಯಿಂದ ಬಂಟ್ವಾಳದವರೆಗೆ ಜನ ಆಡಿಕೊಂಡರಲ್ಲ, ಅದು ಸುಳ್ಳು. ಸರಿಯಾಗಿ ಹತ್ತುತ್ತಿದ್ದ ಕಾರನ್ನು ಅವನೇ ಕೈಯಾರೆ ನಿಲ್ಲಿಸಿದ. ಸತ್ತವನ ಬೆನ್ನ ಹಿಂದೆ ಹೇಳುವ ಮಾತಲ್ಲ ಇದು. ಬದುಕಿದ್ದಾಗ ಅವನ ಮುಖಕ್ಕೇ ಹೇಳಿದ್ದೇನೆ.

ಕಕ್ಕಿಂಜೆ ಪೇಟೆಯಲ್ಲಿ ರಸ್ತೆಯ ಆಚೆ ಹಸನಬ್ಬನ ಗ್ಯಾರೇಜು, ಈಚೆ ನನ್ನ ಹೋಟೆಲು. ಊರವರಿಗೆಲ್ಲ ಅವನು ಹಸನಾಕ. ನಾನು ಅವನಿಗಿಂತ ಎರಡು ವರ್ಷಕ್ಕೆ ದೊಡ್ಡವಳಾದ್ದರಿಂದ ನನಗೆ ಬರೀ ಹಸನಬ್ಬ. ಸಪೂರ ಆಳು, ಉದ್ದ ಕುತ್ತಿಗೆ, ಅಗಲ ಕಿವಿ. ಆ ಕಿವಿಯೇ ಅವನ ಬಂಡವಾಳ. ಕಾರು ಇನ್ನೂ ತಿರುವಿನ ಆಚೆ ಇರುವಾಗಲೇ ಕಣ್ಣು ಮುಚ್ಚಿ ಕೇಳಿ, "ಜಾರಪ್ಪನ ಗಾಡಿ. ಒಂದು ಪ್ಲಗ್ಗು ಮಲಗಿದೆ" ಎನ್ನುತ್ತಿದ್ದ. ಗಾಡಿ ಬಂದು ನಿಂತರೆ ಟ್ಯಾಕ್ಸಿ ಜಾರಪ್ಪನೇ ಇಳಿಯುತ್ತಿದ್ದ. ಪ್ಲಗ್ಗೂ ಮಲಗಿರುತ್ತಿತ್ತು.

ಹೆಗಲಲ್ಲಿ ಯಾವಾಗಲೂ ಒಂದು ಬೈರಾಸು. ಬೆವರು ಒರೆಸುವುದು, ಬಿಸಿ ರೇಡಿಯೇಟರಿನ ಮುಚ್ಚಳ ತಿರುಗಿಸುವುದು, ಬಸ್ಸಿನ ಕಿಟಕಿಯಿಂದ ಎಸೆದು ಸೀಟು ಹಿಡಿಯುವುದು, ಎಲ್ಲಾ ಅದರಲ್ಲೇ. ಮಸೀದಿಗೆ ಹೋಗುವಾಗ ಮಾತ್ರ ಅದು ಗ್ಯಾರೇಜಿನ ಮೊಳೆಯಲ್ಲಿ ನೇತಾಡುತ್ತಿತ್ತು. ಆದರೆ ಆ ಬೈರಾಸಿಗೆ ಹೆಸರು ಬಂದದ್ದು ಘಾಟಿಯಿಂದ. ಹಳೆಯ ಕಾಲದ ಕಾರುಗಳಿಗೆ ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಪೆಟ್ರೋಲ್ ಪಂಪು ಕಾದು, ಪೆಟ್ರೋಲು ಒಳಗೇ ಆವಿಯಾಗಿ, ನಾಲ್ಕನೇ ತಿರುವಿನಲ್ಲಿ ಉಸಿರು ಹೋಗುತ್ತಿತ್ತು. ಅದಕ್ಕೆ ಔಷಧ ಒದ್ದೆ ಬಟ್ಟೆ. ಮೇಲೆ ಹೋಗುವ ಟ್ಯಾಕ್ಸಿಗಳೆಲ್ಲ ಕಕ್ಕಿಂಜೆಯಲ್ಲಿ ನಿಲ್ಲುತ್ತಿದ್ದವು. ಹಸನಬ್ಬ ಬಕೆಟಿನಲ್ಲಿ ಹಳೆಯ ಬೈರಾಸಿನ ತುಂಡು ಅದ್ದಿ, ಪಂಪಿಗೆ ಸುತ್ತಿ, "ಹೋಗಿ ಇನ್ನು, ದೇವರಿದ್ದಾನೆ" ಎನ್ನುತ್ತಿದ್ದ. ಅವನು ಸುತ್ತುವಷ್ಟು ಹೊತ್ತು ಜನ ನನ್ನಲ್ಲಿ ಚಾ ಕುಡಿಯುತ್ತಿದ್ದರು. ನನ್ನ ಅರ್ಧ ವ್ಯಾಪಾರ ಆ ಒದ್ದೆ ಬಟ್ಟೆಯಿಂದಲೇ ನಡೆಯುತ್ತಿತ್ತು.

ಬಾಯಿ ಮಾತ್ರ ಕೆಟ್ಟದ್ದು. ಒಮ್ಮೆ ನಾನು ಹೋಟೆಲಿನ ಗ್ರೈಂಡರನ್ನು ತೊಳೆಯುವ ಭರದಲ್ಲಿ ಕೆಳಗಿನ ಮೋಟರಿಗೂ ನೀರು ಹೊಯ್ದೆ. ಅದು ನಿಂತಿತು. ಹಸನಬ್ಬ ಬಂದು ಮೋಟರು ಬಿಚ್ಚಿ ಅಂಗಳದ ಬಿಸಿಲಿಗೆ ಇಟ್ಟ. ಮಧ್ಯಾಹ್ನ ಜೋಡಿಸಿದ, ತಿರುಗಿತು. ಅಷ್ಟಕ್ಕೇ ಸುಮ್ಮನಿರಬಾರದಾ? ಗಿರಾಕಿಗಳ ಎದುರು, "ಕರೆಂಟಿನ ಸಾಮಾನಿಗೆ ನೀರು ಹೊಯ್ಯುದಾ ಕಲ್ಯಾಣಿಯಕ್ಕ? ನಿಮಗೆ ತಲೆ ಉಂಟಾ?" ಎಂದ. ಒಂದು ತಿಂಗಳು ಚಾ ಕೇಳುವಾಗಲೆಲ್ಲ, "ನೀರು ಚಾಕ್ಕೆ ಮಾತ್ರ ಹಾಕಿ ಅಕ್ಕ" ಎಂದು ಜಾರಪ್ಪನ ಕಡೆ ನೋಡಿ ನಗುತ್ತಿದ್ದ. ನಾನು ಅದನ್ನು ಮರೆಯಲಿಲ್ಲ.

ಕೊರಿಯಾದ ಸಣ್ಣ ಕಾರು ನಮ್ಮ ಕಡೆಗೆ ಬಂದದ್ದು ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ. ಮೊದಲು ಬಂಟ್ವಾಳದಲ್ಲಿ ಒಂದು, ಆಮೇಲೆ ಬೆಳ್ತಂಗಡಿಯಲ್ಲಿ ಎರಡು. ಎತ್ತರದ ತಲೆ, ಮೋಟು ಮೂತಿ. ಮೀನಿನ ಬುಟ್ಟಿ ಮಗುಚಿ ಹಾಕಿ ಚಕ್ರ ಇಟ್ಟ ಹಾಗೆ ಕಂಡಿತು ನನಗೆ. ಹಸನಬ್ಬನಿಗೆ ಅದರ ಶಬ್ದವೇ ಹಿಡಿಸಲಿಲ್ಲ. ಶಬ್ದವೇ ಇರಲಿಲ್ಲ ಎನ್ನುವುದು ಸರಿ. "ಮಾತಾಡದ ಗಾಡಿಯನ್ನು ನಂಬುದು ಹೇಗೆ ಮಾರಾಯ್ತಿ?" ಎಂದ.

ಆ ಹೊತ್ತಿಗೆ ನನ್ನ ಮಗಳು ಶಶಿಗೆ ಘಾಟಿಯ ಮೇಲಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ಹಾಲು ಕುಡಿಯುವ ಮಗುವನ್ನು ನನ್ನ ಹತ್ತಿರ ಬಿಟ್ಟು ದಿನಾ ಹೋಗಿ ಬರಬೇಕು. ಬಸ್ಸಿನ ಹೊತ್ತಿಗೂ ಡ್ಯೂಟಿಯ ಹೊತ್ತಿಗೂ ತಾಳೆಯಾಗುತ್ತಿರಲಿಲ್ಲ. ಅವಳ ಗಂಡ ದಿನೇಶ ಮೂಡಬಿದಿರೆಯಲ್ಲಿ ಬಟ್ಟೆ ಅಂಗಡಿ ಇಟ್ಟವನು, ಭಾನುವಾರ ಮಾತ್ರ ಬರುತ್ತಿದ್ದ. ಅವನೇ ಒಂದು ಭಾನುವಾರ ಈ ಕೊರಿಯಾ ಕಾರು ತಂದು ಹೋಟೆಲಿನ ಎದುರು ನಿಲ್ಲಿಸಿದ. ಶಶಿ ಮೊದಲೇ ಮೂಡಬಿದಿರೆಯಲ್ಲಿ ಡ್ರೈವಿಂಗ್ ಕಲಿತಿದ್ದಳು. ಲೆಕ್ಕ ಸುಲಭ: ಕಾರು ಘಾಟಿ ಹತ್ತಿದರೆ ಕೆಲಸ ಉಂಟು, ಹತ್ತದಿದ್ದರೆ ಇಲ್ಲ.

"ಹಸನಾಕ ಒಂದು ಸಲ ಬಿಟ್ಟು ನೋಡ್ಲಿ" ಎಂದ ದಿನೇಶ. ಹೊಸ ಗಾಡಿಯನ್ನು ಹಸನಬ್ಬನ ಕೈಯಲ್ಲಿ ಒಮ್ಮೆ ಘಾಟಿ ಹತ್ತಿಸುವುದು ನಮ್ಮಲ್ಲಿ ಜಾತಕ ತೋರಿಸಿದ ಹಾಗೆ.

ಹಸನಬ್ಬ ಬಂದು ಬಾನೆಟ್ ಎತ್ತಿ ಬಗ್ಗಿದ. ಬಗ್ಗಿಯೇ ಇದ್ದ.

"ಪಂಪೇ ಇಲ್ಲವಲ್ಲ ಮಾರಾಯ!"

"ಅದು ಹಿಂದೆ ಟ್ಯಾಂಕಿಯ ಒಳಗೆ ಉಂಟಂತೆ ಹಸನಾಕ" ಎಂದ ದಿನೇಶ.

"ಟ್ಯಾಂಕಿಯ ಒಳಗೆ ಏನು, ಸ್ನಾನಕ್ಕಾ?"

ಬೈರಾಸು ಆಗಲೇ ಒದ್ದೆ ಮಾಡಿ ಆಗಿತ್ತು. ಅದನ್ನು ಕಟ್ಟದೆ ಅವನು ಘಾಟಿ ಹತ್ತಿದ್ದೇ ಇಲ್ಲ. ಎಲ್ಲಿಗೂ ಸುತ್ತಲಿಕ್ಕೆ ಆಗದೆ, ನೀರು ಸೋರುತ್ತಿದ್ದ ಆ ಬೈರಾಸನ್ನು ಇಂಜಿನ್ನಿನ ನಡುಮಧ್ಯೆ ಹಾಸಿ ವಯರುಗಳ ಸಂದಿಗೆ ಸಿಕ್ಕಿಸಿದ.

"ಇದು ಬೇಕಾ ಹಸನಾಕ?"

"ಮೂವತ್ತು ವರ್ಷ ಕಟ್ಟಿದ್ದೇನೆ. ನಿನ್ನ ಕೊರಿಯಾದವ ಹೇಳಿದ ಅಂತ ಇವತ್ತು ಬಿಡ್ಲಾ?"

ಅವನು ಸ್ಟೇರಿಂಗಿಗೆ ಕೂತ. ಪಕ್ಕದಲ್ಲಿ ದಿನೇಶ, ಹಿಂದೆ ನಾನು ಮತ್ತು ಶಶಿ. ಚಾರ್ಮಾಡಿ ಊರು ದಾಟಿತು, ಘಾಟಿಯ ಮೊದಲ ತಿರುವು ದಾಟಿತು, ಎರಡನೆಯದೂ ದಾಟಿತು. ಮೂರನೆಯದರಲ್ಲಿ ಕಾರು ಕೆಮ್ಮಿತು. ಮತ್ತೊಮ್ಮೆ ಕೆಮ್ಮಿ ನಿಂತೇ ಬಿಟ್ಟಿತು. ಹಸನಬ್ಬ ಬಾನೆಟ್ ಎತ್ತಿ, ಬೈರಾಸು ಇನ್ನೂ ಒದ್ದೆ ಉಂಟು ಎಂದು ನೋಡಿ ಹಾಗೇ ಮುಚ್ಚಿದ. ಹಿಂದಿನಿಂದ ಬಂದವನು ಜಾರಪ್ಪನೇ. ಅವನ ಹಳೆಯ ಟ್ಯಾಕ್ಸಿಗೆ ಹಗ್ಗ ಕಟ್ಟಿ ನಮ್ಮ ಹೊಸ ಕಾರನ್ನು ಕೆಳಗೆ ತಂದದ್ದು. ಪೇಟೆಗೆ ಬಂದಾಗ ಅವನು ಸುಮ್ಮನೆ ಹಾರ್ನು ಹೊಡೆದ, ದುಷ್ಟ.

ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಹಸನಬ್ಬ ಒಂದೇ ಮಾತು ಹೇಳಿದ. "ಪೇಟೆಗೆ ಆಗ್ತದೆ, ಮದುವೆಗೆ ಆಗ್ತದೆ. ಘಾಟಿಗೆ ಆಗುದಿಲ್ಲ."

ಅವನ ಬಾಯಿಂದ ಬಂದರೆ ಮುಗಿಯಿತು. ಬೆಳ್ತಂಗಡಿಯಲ್ಲಿ ಅದೇ ಕಾರು ತೆಗೆಯಲು ಹೊರಟಿದ್ದ ಒಬ್ಬರು ಬೇಡ ಎಂದರಂತೆ. ದಿನೇಶ, "ಮಾರುವ ಅತ್ತೆ. ಶಶಿ ಕೆಲಸ ಬಿಡ್ಲಿ" ಎಂದು ಬಸ್ಸು ಹತ್ತಿ ಹೋದ. ಶಶಿ ಅಳಲಿಲ್ಲ. ಬಿಳಿ ಸೀರೆಯನ್ನು ಇಸ್ತ್ರಿ ಹಾಕದೆ ಮಡಚಿ ಪೆಟ್ಟಿಗೆಯ ಅಡಿಗೆ ಇಟ್ಟಳು. ಆಸ್ಪತ್ರೆಯವರು ಮುಂದಿನ ಸೋಮವಾರದವರೆಗೆ ಕಾಯುತ್ತೇವೆ ಎಂದಿದ್ದರು.

ಕಾರು ಹೋಟೆಲಿನ ಅಂಗಳದಲ್ಲಿ ಬಿಸಿಲು ಕಾಯುತ್ತಾ ನಿಂತಿತು. ಯಾರೂ ಮುಟ್ಟಲಿಲ್ಲ. ಶುಕ್ರವಾರ ಬೆಳಿಗ್ಗೆ ಸೌದೆಯ ಟೆಂಪೊ ಬಂತು. ಜಾಗ ಬೇಕಿತ್ತು. "ದೂಡುವ" ಎಂದೆ ನಾನು. ಶಶಿ ಒಳಗೆ ಕೂತು ಸುಮ್ಮನೆ ಕೀ ತಿರುಗಿಸಿದಳು. ಕಾರು ಒಂದೇ ಸಲಕ್ಕೆ ಶುರುವಾಯಿತು!

ನಾನು ದೋಸೆಯ ಸಟ್ಟುಗ ಹಿಡಿದುಕೊಂಡು ನಿಂತಿದ್ದೆ. ಐದು ದಿನದಲ್ಲಿ ಇದನ್ನು ಯಾರು ರಿಪೇರಿ ಮಾಡಿದರು? ಯಾರೂ ಇಲ್ಲ. ಬಿಸಿಲು ಮಾತ್ರ. ಬಾನೆಟ್ ಎತ್ತಿಸಿದೆ. ಬೈರಾಸು ಹಪ್ಪಳದ ಹಾಗೆ ಒಣಗಿ ಕೂತಿತ್ತು. ಅದರ ಅಡಿಯಲ್ಲಿ ಎಷ್ಟೊಂದು ವಯರು! ನಾನು ಓದಿದ್ದು ನಾಲ್ಕನೇ ಕ್ಲಾಸು. ಇಂಜಿನ್ನು ಗೊತ್ತಿಲ್ಲ. ಗ್ರೈಂಡರು ಗೊತ್ತು.

ಸಟ್ಟುಗವನ್ನೂ ಬೈರಾಸನ್ನೂ ಹಿಡಿದುಕೊಂಡೇ ರಸ್ತೆ ದಾಟಿದೆ. ಜಾರಪ್ಪ ಮತ್ತು ಇನ್ನೂ ಮೂರು ಡ್ರೈವರುಗಳು ಅಲ್ಲಿದ್ದರು. ಅವರೂ ಕೇಳಲಿ ಎಂದೇ ಹೋದದ್ದು.

"ಹಸನಬ್ಬ, ಕರೆಂಟಿನ ಸಾಮಾನಿಗೆ ನೀರು ಹೊಯ್ಯುದಾ? ನಿನಗೆ ತಲೆ ಉಂಟಾ?"

ಅವನು ಮೊದಲು ನಕ್ಕ. ಆಮೇಲೆ ನನ್ನ ಕೈಯ ಬೈರಾಸು ನೋಡಿದ. ನಮ್ಮ ಅಂಗಳದಲ್ಲಿ ಕಾರು ಓಡುತ್ತಿತ್ತು. ಕಣ್ಣು ಮುಚ್ಚಿ ಆ ಕಡೆಗೆ ಕಿವಿ ಕೊಟ್ಟ. ಮುಖದ ಬಣ್ಣ ಇಳಿದದ್ದು ನನಗೆ ಕಂಡಿತು. ಬೇರೆ ಯಾರೇ ಆಗಿದ್ದರೂ ನನ್ನನ್ನು ಬೈದು ಕಳಿಸುತ್ತಿದ್ದರು. ಅವನು ನೇರ ರಸ್ತೆ ದಾಟಿ ಕಾರಿನ ಹತ್ತಿರ ಹೋದ.

"ಶಶಿ, ಘಾಟಿ ಹತ್ತುವ. ನೀನೇ ಬಿಡು."

"ನಾನಾ? ಹಸನಾಕ, ನಾನು ಘಾಟಿಯಲ್ಲಿ ಬಿಟ್ಟೇ ಇಲ್ಲ!"

"ನಾನು ಬಿಟ್ಟು ನಿಲ್ಲಿಸಿದ್ದು ಸಾಕು. ನಾನು ಹಿಂದೆ ಕೂತ್ಕೊಳ್ತೇನೆ. ಜಾರಪ್ಪ, ನೀನೂ ಹತ್ತು. ಸಾಕ್ಷಿಗೆ."

ಮಗುವನ್ನು ಪಕ್ಕದ ಮನೆಯವಳ ಕೈಗೆ ಕೊಟ್ಟು ನಾನು ಮುಂದಿನ ಸೀಟಿಗೆ ಹತ್ತಿದೆ. ಹಸನಬ್ಬ ಎರಡೂ ಕೈಗಳನ್ನು ತೊಡೆಯ ಅಡಿಗೆ ಹಾಕಿ ಕೂತ, ಎಲ್ಲಿಯಾದರೂ ಏನಾದರೂ ಮುಟ್ಟಿಬಿಟ್ಟೇನು ಎಂದು. ಮೊದಲ ತಿರುವು. ಎರಡನೆಯದು. ಮೂರನೆಯದು ಬಂದಾಗ ಜಾರಪ್ಪ, "ಈಗ ನೋಡಿ, ಈಗ ಕೆಮ್ಮುತ್ತದೆ" ಎಂದ.

"ನೀನು ಕೆಮ್ಮಬೇಡ, ಅಷ್ಟು ಸಾಕು" ಎಂದೆ ನಾನು.

ಕಾರು ಕೆಮ್ಮಲಿಲ್ಲ. ನಾಲ್ಕನೇ ತಿರುವಿನಲ್ಲಿ ಎದುರಿನಿಂದ ಲಾರಿ ಬಂತು. ಶಶಿ ನಿಲ್ಲಿಸಿದಳು. ಏರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಎಳೆಯಬೇಕಲ್ಲ! ಹಿಂದಿನಿಂದ ಹಸನಬ್ಬನ ದನಿ: "ಹೆದರಬೇಡ ಮಗಳೇ. ಹ್ಯಾಂಡ್ ಬ್ರೇಕು ಹಿಡಿ, ಕ್ಲಚ್ಚು ಮೆಲ್ಲ ಬಿಡು. ಗಾಡಿಗೆ ದಮ್ಮುಂಟು." ಗಾಡಿ ಒಂದು ಗೇಣೂ ಹಿಂದೆ ಬರಲಿಲ್ಲ. ಹಾರಿ ಹೋಯಿತು! ಐದು, ಆರು, ಏಳು, ನಾನು ಬೆರಳು ಮಡಚುತ್ತಿದ್ದೆ. ಕಿವಿಯಲ್ಲಿ ಗಾಳಿ ಕಟ್ಟಿ ಟಪ್ಪೆಂದು ಬಿಟ್ಟಿತು. ಹಸನಬ್ಬ, "ಏಸಿ ಹಾಕು! ಏಸಿ ಹಾಕಿಯೂ ಎಳೀತದಾ ನೋಡುವ!" ಎಂದು ಕಿರುಚಿದ. ಏಸಿಯಲ್ಲೂ ಎಳೆಯಿತು. ಜಾರಪ್ಪ ಎರಡೂ ಕಾಲು ಮಡಚಿ ಸೀಟಿನ ಮೇಲೆ ಇಟ್ಟು, "ಇಲ್ಲಿ ತಂಪುಂಟು ಮಾರಾಯ್ರೇ" ಎಂದ, ತನ್ನ ಗಾಡಿಯನ್ನು ಮರೆತು.

ತುದಿಯಲ್ಲಿ ಶಶಿ ಇಳಿದು ನಗುತ್ತಲೇ ಇದ್ದಳು. ಹಸನಬ್ಬ ಬಾನೆಟ್ಟಿಗೆ ಕಿವಿ ಇಟ್ಟ. "ಇದು ಮಾತಾಡ್ತದೆ ಅಕ್ಕ. ಸಣ್ಣ ದನಿಯಲ್ಲಿ. ನನಗೆ ಕೇಳಿರಲಿಲ್ಲ, ಅಷ್ಟೆ."

ಕೆಳಗೆ ಬಂದು ಸ್ಟ್ಯಾಂಡಿನ ನಡುವೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಕಾರು ನಿಲ್ಲಲಿಲ್ಲ. ನಾನು ನಿಲ್ಲಿಸಿದ್ದು. ಬೈರಾಸಿನ ನೀರು ವಯರಿಗೆ ಹೋಗಿ ನಿಂತದ್ದು. ಈ ಕಾರು ಘಾಟಿ ಹತ್ತುತ್ತದೆ." ಮನೆಯ ಒಳಗೆ ತಪ್ಪು ಒಪ್ಪಿಕೊಂಡವರನ್ನು ನೋಡಿದ್ದೇನೆ. ಪೇಟೆಯ ನಡುವೆ, ಅದೂ ಅನ್ನ ಕೊಡುವ ಕೆಲಸದಲ್ಲಿ ಒಪ್ಪಿಕೊಂಡವನು ಇವನೊಬ್ಬನೇ. ಡ್ರೈವರುಗಳು ಬಿಡಲಿಲ್ಲ. ಬೈರಾಸು ಮೆಕ್ಯಾನಿಕ್ ಎಂದು ಹೆಸರಿಟ್ಟರು. ಅವನೂ ಓ ಎನ್ನುತ್ತಿದ್ದ.

ಸೋಮವಾರ ಶಶಿ ಕೆಲಸಕ್ಕೆ ಹೋದಳು.

ಆಮೇಲೆ ಆ ಕಂಪೆನಿಯ ಕಾರುಗಳು ಮಳೆಗೆ ಅಣಬೆ ಎದ್ದ ಹಾಗೆ ಎದ್ದವು. ಸಣ್ಣದರ ಹಿಂದೆ ದೊಡ್ಡದು, ಅದರ ಹಿಂದೆ ಇನ್ನೊಂದು. ಮೇಲೆ ಹೋಗುವವರು ಕಕ್ಕಿಂಜೆಯಲ್ಲಿ ನಿಂತರೆ ಹಸನಬ್ಬ ಕಿಟಕಿಗೆ ಬಗ್ಗಿ, "ಹೇಗುಂಟು ಗಾಡಿ?" ಎಂದು ಕೇಳಿ, ಓಡಿ ಬಂದು ನನಗೆ ವರದಿ ಒಪ್ಪಿಸುತ್ತಿದ್ದ. ಮಾಣಿ ಊರಿನ ಹಾಜಿಯವರಿಗೆ ಕೂತರೆ ಟೊಪ್ಪಿ ಮೇಲೆ ತಾಗುವುದಿಲ್ಲವಂತೆ, ಅದೇ ಖುಷಿ. ಬಂಟ್ವಾಳದ ಮದುಮಗಳ ತಲೆಯ ಮಲ್ಲಿಗೆ ಜಜ್ಜಿ ಹೋಗಲಿಲ್ಲವಂತೆ. ಮೂಡಬಿದಿರೆಯ ಮೇಷ್ಟ್ರು ಮಾತ್ರ, ದೀಪದ ಗಾಜು ಒಡೆದರೆ ಮಂಗಳೂರಿನಿಂದ ಬರುವವರೆಗೆ ಕಾಯಬೇಕು, ಹೊಂಡಕ್ಕೆ ಬಿದ್ದರೆ ಬೆನ್ನು ಮುರಿಯುತ್ತದೆ ಎಂದು ಬೈದರಂತೆ.

"ಈ ಕಾರು ಹೆಚ್ಚಾದಷ್ಟು ನಿನ್ನ ಕೆಲಸ ಕಮ್ಮಿ. ನೀನೇ ಹೊಗಳುತ್ತಾ ಕೂತಿದ್ದೀಯಲ್ಲ" ಎಂದೆ ಒಮ್ಮೆ.

"ಒಳ್ಳೇದನ್ನು ಒಳ್ಳೇದು ಹೇಳ್ಲಿಕ್ಕೆ ಏನು ಕಷ್ಟ ಅಕ್ಕ?"

ಕಷ್ಟ ಇತ್ತು. ಸ್ಟ್ಯಾಂಡಿನಲ್ಲಿ ಹಳೆಯ ಟ್ಯಾಕ್ಸಿ ಎರಡೇ ಉಳಿದವು. ಶಶಿಯ ಜೊತೆ ಒಮ್ಮೆ ಕಂಪೆನಿಯ ವರ್ಕ್‌ಶಾಪಿಗೆ ಹೋಗಿ ಗಾಜಿನ ಆಚೆಯಿಂದ ನೋಡಿ ಬಂದ. "ಅಲ್ಲಿಯ ಮೆಕ್ಯಾನಿಕ್ ಕಿವಿ ಇಡ್ಲೇ ಇಲ್ಲ ಅಕ್ಕ. ಕಾರಿಗೆ ಒಂದು ವಯರು ಸಿಕ್ಕಿಸಿದ, ಏನು ಸೀಕು ಅಂತ ಕಾರೇ ಬರೆದು ಕೊಟ್ಟಿತು!" ಬೇಸರಕ್ಕಿಂತ ಬೆರಗು ಜಾಸ್ತಿ ಇತ್ತು ದನಿಯಲ್ಲಿ. ಕೊನೆಕೊನೆಗೆ ಅವನ ಕೆಲಸ ಪಂಚರು, ಗ್ರೀಸು, ಮತ್ತು ಹೊಸಬರಿಗೆ ಬೈರಾಸಿನ ಕಥೆ ಹೇಳುವುದು. ಅಪ್ಪನ ಕಾಲದ ಅಭ್ಯಾಸದಿಂದ ಯಾರಾದರೂ ಬಾನೆಟ್ ಎತ್ತಿ ನೀರು ಹಿಡಿದರೆ, "ಮುಟ್ಟಬೇಡಿ, ಹತ್ತುತ್ತದೆ" ಎಂದು ಓಡುತ್ತಿದ್ದ.

ಕೊನೆಯ ಸಲ ಚಾಕ್ಕೆ ಬಂದಾಗ ಕೇಳಿದ, "ಶಶಿಯ ಕಾರು ಎಂಟು ವರ್ಷದಲ್ಲಿ ಘಾಟಿಯಲ್ಲಿ ಎಷ್ಟು ಸಲ ನಿಂತಿತು ಅಕ್ಕ?"

"ಒಂದೇ ಸಲ. ನೀನು ನಿಲ್ಲಿಸಿದ್ದು."

ಚಾ ನೆತ್ತಿಗೆ ಹತ್ತುವ ಹಾಗೆ ನಕ್ಕ. ಮೂರನೇ ದಿನ ಮಧ್ಯಾಹ್ನ, ಊಟ ಮಾಡಿ ಮಲಗಿದವನು ಏಳಲಿಲ್ಲ. ಸಂಜೆಯ ಒಳಗೆ ಮಣ್ಣಾಯಿತು. ಹೋಗಿ ಅವನ ಹೆಂಡತಿಯ ಹತ್ತಿರ ಕೂತು ಬಂದೆ.

ಮರುದಿನ ಬೆಳಿಗ್ಗೆ ಎಂದಿನಂತೆ ಹೋಟೆಲು ತೆರೆದೆ. ಮೊದಲ ದೋಸೆ ಹೊಯ್ಯುವಾಗ ಅದೇ ಕಂಪೆನಿಯ ಹೊಸ ಕಾರೊಂದು ಮುಚ್ಚಿದ ಗ್ಯಾರೇಜಿನ ಎದುರು ನಿಂತಿತು. ಬಂಟ್ವಾಳ ಕಡೆಯವರು. ಗಂಡಸು ಬಾನೆಟ್ ಎತ್ತಿ, ಒದ್ದೆ ಬಟ್ಟೆ ಹಿಂಡುತ್ತಾ, "ಅಜ್ಜೀ, ಮೆಕ್ಯಾನಿಕ್ ಇಲ್ವಾ?" ಎಂದು ಕೂಗಿದ. ದೋಸೆಯನ್ನು ಕಾವಲಿಯ ಮೇಲೆಯೇ ಬಿಟ್ಟು ರಸ್ತೆ ದಾಟಿದೆ. ಅವನ ಕೈಯಿಂದ ಬಟ್ಟೆ ಕಿತ್ತುಕೊಂಡು ಬಾನೆಟ್ ಮುಚ್ಚಿದೆ.

"ಮುಟ್ಟಬೇಡ, ಹತ್ತುತ್ತದೆ. ಇಲ್ಲೊಬ್ಬ ದೊಡ್ಡ ಮೆಕ್ಯಾನಿಕ್ ಇದ್ದ. ಅವನೇ ಒಮ್ಮೆ ಹೀಗೆ ಬಟ್ಟೆ ಹಾಕಿ ನಿಲ್ಲಿಸಿದ್ದ" ಎಂದು ಶುರು ಮಾಡಿ, ಜಾರಪ್ಪನ ಹಗ್ಗವನ್ನೂ ಬಿಡದೆ ಪೂರ್ತಿ ಹೇಳಿ ಕಳಿಸಿದೆ. ಬರುವಾಗ ದೋಸೆ ಕರಟಿತ್ತು. ಕೆರೆದು ತೆಗೆದು, ಇನ್ನೊಂದು ಹೊಯ್ದೆ.