ಕೊಳವೆ ಕೂಡುವ ಮೂಲೆ

ಆತ ಗಾಜು ಊದುವವನು. ಸಂಶೋಧನಾ ಕೇಂದ್ರದ ನೆಲಮಾಳಿಗೆಯಲ್ಲಿ ಇಪ್ಪತ್ತಾರು ವರ್ಷ ಉರಿಯ ಮುಂದೆ ಕುಳಿತಿದ್ದ. ಮೇಲಿನವರು ಚಿತ್ರ ಬರೆದು ಕಳಿಸಿದ ಕೊಳವೆಗಳನ್ನು ಮಾಡಿಕೊಡುತ್ತಿದ್ದ, ಯಾತಕ್ಕೆಂದು ಕೇಳುತ್ತಿರಲಿಲ್ಲ. ತಾಯಿಯಿಲ್ಲದ ಅವನನ್ನು ಸಾಕಿದ್ದು ಅಕ್ಕ. ಊದಿ ಊದಿ ಜೋಲುಬಿದ್ದ ಅವನ ಕೆನ್ನೆ ನೋಡಿ 'ತುತ್ತೂರಿ' ಎಂದು ಕರೆಯುತ್ತಿದ್ದಳು.

ಅಕ್ಕನ ಮೂತ್ರಪಿಂಡಗಳು ಕೆಟ್ಟವು. ಡಯಾಲಿಸಿಸ್‌ಗಾಗಿ ತೋಳಿನ ಚರ್ಮದಡಿ ಕೃತಕ ರಕ್ತನಾಳ ಹಾಕಿದರು. ಅದು ಅಕ್ಕನ ಸ್ವಂತ ನಾಳವನ್ನು ಕೂಡುವ ಜಾಗದಲ್ಲಿ ಎರಡು ಸಲ ರಕ್ತ ಹೆಪ್ಪುಗಟ್ಟಿತು, ಎರಡು ಸಲವೂ ತೆಗೆದು ಸರಿಪಡಿಸಿದರು. ಇದೂ ಹೋದರೆ ಹೊಸದನ್ನು ಹಾಕಲು ಮೈಯಲ್ಲಿ ಜಾಗವಿಲ್ಲವೆಂದರು ವೈದ್ಯೆ.

ಅವನು ಆ ಎರಡು ನಾಳಗಳು ಕೂಡುವಂತೆಯೇ, ಅದೇ ಅಳತೆಯ ಗಾಜಿನ ಕೊಳವೆ ಮಾಡಿ ಬಣ್ಣದ ನೀರು ಹರಿಸಿದ. ಕಡಿದಾದ ಮೂಲೆಯಲ್ಲಿ ಬಣ್ಣ ಮುಂದೆ ಹೋಗದೆ ಅಲ್ಲೇ ಸುತ್ತಿತು. ಓರೆಯಾಗಿ ಕೂಡಿಸಿದ ಇನ್ನೊಂದರಲ್ಲಿ ಸಲೀಸಾಗಿ ಹರಿಯಿತು. ಎರಡನ್ನೂ ಹತ್ತಿಯಲ್ಲಿ ಸುತ್ತಿ ಆಸ್ಪತ್ರೆಗೆ ಒಯ್ದ.

"ನೀವು ಹೇಳೋದು ಸರಿ," ಎಂದರು ವೈದ್ಯೆ. "ರಕ್ತ ಸುತ್ತೋ ಕಡೆ ಗೋಡೆ ದಪ್ಪ ಆಗುತ್ತೆ, ದಾರಿ ಕಿರಿದಾಗುತ್ತೆ. ಆದ್ರೆ ಇವರ ನಾಳ ಆಳದಲ್ಲಿದೆ. ಓರೆಯಾಗಿ ಸೇರಿಸೋಕೆ ಜಾಗ ಎಲ್ಲಿದೆ?"

"ನನ್ನ ಕೈನೂ ಉರಿಗೆ ಹಿಡಿದು ಬಗ್ಗಿಸಿಬಿಡೋ, ತುತ್ತೂರಿ!" ಎಂದು ಅಕ್ಕ ನಕ್ಕಳು.

ಮೊಣಕೈ ಮಡಚಿದಾಗ ಆ ಮೂಲೆ ಇನ್ನೂ ಕಡಿದಾಗುತ್ತದೆ; ಮೂಲೆ ಬದಲಿಸಲಾಗದಿದ್ದರೆ ಮಡಚುವುದನ್ನಾದರೂ ತಪ್ಪಿಸಬೇಕೆಂದುಕೊಂಡ. ಬೆಸೆದ ಗಾಜು ಆರುವ ತನಕ ಅಲುಗದಂತೆ ಬಿಗಿದಿಡುವುದು ಅವನ ಕೈಗೆ ಹತ್ತಿದ ಅಭ್ಯಾಸ. ಮಧ್ಯಾಹ್ನ ಅಕ್ಕ ಮಲಗಿದಾಗ ತೋಳಿನಡಿ ಹಲಗೆಯಿಟ್ಟು ಬಟ್ಟೆ ಸುತ್ತಿದ.

"ಬಿಗಿಯಾಯ್ತು ಕಣೋ."

"ಸಡಿಲ ಬಿಟ್ರೆ ಮಡಚ್ತೀಯ. ಸುಮ್ನೆ ಮಲ್ಕೋ ಅಕ್ಕ."

ಎರಡು ಗಂಟೆಯ ನಂತರ ಬಿಚ್ಚಿ ಬೆರಳಿಟ್ಟ. ರಕ್ತ ಹರಿಯುತ್ತಿರುವ ಗುರುತಾಗಿ ಚರ್ಮದಡಿ ಸದಾ ಇರುತ್ತಿದ್ದ ಸಣ್ಣ ಅದುರು ಇರಲಿಲ್ಲ. ಬೆರಳನ್ನು ಮೇಲೆ ಸರಿಸಿದ, ಕೆಳಗೆ ಸರಿಸಿದ.

"ಇದೆಯೇನೋ?"

ಅವನು ಮತ್ತೊಮ್ಮೆ ಮೊದಲಿನಿಂದ ಹುಡುಕತೊಡಗಿದ.

ಹೆಪ್ಪು ತೆಗೆಯಲು ವೈದ್ಯರು ಪ್ರಯತ್ನಿಸಿದರು, ಆಗಲಿಲ್ಲ. ಹೇಗೂ ಕೆಲವು ತಿಂಗಳಲ್ಲಿ ಮುಚ್ಚಿಕೊಳ್ಳುತ್ತಿತ್ತು ಎಂದು ವೈದ್ಯೆ ಹೇಳಿದ್ದು ಸುಳ್ಳಲ್ಲ. ಅದರಿಂದ ಅವನಿಗೆ ಸಮಾಧಾನವೂ ಆಗಲಿಲ್ಲ. ಡಯಾಲಿಸಿಸ್ ನಿಲ್ಲದಿರಲೆಂದು ಅಕ್ಕನ ಕುತ್ತಿಗೆಗೆ ನಳಿಕೆ ಹಾಕಿದರು. ಅದು ಎಷ್ಟು ದಿನ ಬಾಳುತ್ತದೆಂದು ಕೇಳಿದ. ಸೋಂಕು ತಗಲುವವರೆಗೆ ಎಂದರು.

"ಬಟ್ಟೆ ಸುತ್ತಿದ್ದು ನೀನು ಅಂತ ಯಾರಿಗೂ ಹೇಳ್ಬೇಡ," ಎಂದಳು ಅಕ್ಕ.

ಅವನು ಆಗಲೇ ಎಲ್ಲರಿಗೂ ಹೇಳಿಯಾಗಿತ್ತು.